ಪಾತ್ರವಿಮರ್ಶೆಯೂ ಅನಾಮಿಕ ಪ್ರೇಕ್ಷಕನೂ

೧

ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಹೇಳಿರುವ ನಾಟ್ಯೋತ್ಪತ್ತಿಯ ವೃತ್ತಾಂತವು ವಿದ್ವಾಂಸರಿಗೆಲ್ಲ ವಿದಿತವಾದದ್ದೇ ಆಗಿದೆ. ಇಂದ್ರಧ್ವಜದ ಉತ್ಸವದಲ್ಲಿ ಭರತನ ಪುತ್ರರು ಮೊತ್ತಮೊದಲಿನ ಪ್ರಯೋಗವನ್ನು ನಡೆಸಿದರು. ದೇವತೆಗಳಿಂದ ದೈತ್ಯರು ಪರಾಜಿತರಾದದ್ದೇ ಅದರ ವಸ್ತು. ದೇವತೆಗಳು ಮೆಚ್ಚಿ ನಟರಿಗೆ ಬಗೆಬಗೆಯ ಬಹುಮಾನಗಳನ್ನಿತ್ತರು. ಆದರೆ ಸಭೆಯಲ್ಲಿ ದೈತ್ಯರೂ ಕುಳಿತಿದ್ದರಷ್ಟೆ. ತಮ್ಮನ್ನು ಚಿತ್ರಿಸಿದ ಬಗೆಯನ್ನು ಅವರು ಸಹಿಸಲಾರದೆ ಹೋದರು. ವಿಘ್ನರೊಡನೆ ಕೂಡಿಕೊಂಡು, ಮಾಯೆಯಿಂದ ತಮ್ಮ ರೂಪವನ್ನು ಮರೆಸಿ, ರಂಗದ ಮೇಲಿದ್ದ ನಟರ ಮಾತನ್ನೂ ಚಲನವನ್ನೂ ಸ್ಮೃತಿಯನ್ನೂ ಸ್ತಂಭನಗೊಳಿಸಿದರು. ಇಂದ್ರನು ಧ್ಯಾನದಿಂದ ಕಾರಣವನ್ನು ತಿಳಿದು, ಧ್ವಜದಂಡವನ್ನೆತ್ತಿಕೊಂಡು ಅವರ ಮೈಯನ್ನು ಜರ್ಜರಗೊಳಿಸಿದನು; ಆ ದಂಡಕ್ಕೆ ಜರ್ಜರವೆಂಬ ಹೆಸರು ಬಂದಿತು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಅರಸಿಕರಾದ ಪ್ರೇಕ್ಷಕರಿಗೆ ದಂಡನೆಯೇ ಗತಿಯೆಂಬ ನೀತಿಯಷ್ಟೇ ಇದರಿಂದ ಹೊರಡುತ್ತಿತ್ತು. ಉಳಿದ ವಿಘ್ನರ ಕಾಟವು ಮಾತ್ರ ನಿಲ್ಲಲಿಲ್ಲ. ಆಗ ಬ್ರಹ್ಮನು ಸಾಮೋಪಾಯವನ್ನವಲಂಬಿಸಿ, ನಾಟ್ಯವನ್ನು ಏತಕ್ಕಾಗಿ ಕೆಡಿಸುತ್ತಿರುವಿರೆಂದು ಅವರನ್ನೇ ಕೇಳಿದನು. ವಿರೂಪಾಕ್ಷನೆಂಬವನು ಎಲ್ಲರ ಪರವಾಗಿ ಮುಂದೆ ಬಂದು ಉತ್ತರವಿತ್ತನು: ದೇವತೆಗಳ ಇಷ್ಟಾನುಸಾರವಾಗಿ ರಚಿತವಾದ ಈ ನಾಟ್ಯವು ತಮಗೆ ಅವಮಾನಕರವಾದುದು, ದೇವತೆಗಳಂತೆ ದೈತ್ಯರೂ ಪಿತಾಮಹನಿಂದಲೇ ಹುಟ್ಟಿದವರಾದ್ದರಿಂದ ಇಂಥ ಪಕ್ಷಪಾತವು ಸಲ್ಲದು. ಈ ಮಾತಿಗೆ ಸಮಾಧಾನವಾಗಿ ಬ್ರಹ್ಮನು ಹೇಳಿದ್ದೇ ನಾಟ್ಯದ ಸುಪ್ರಸಿದ್ಧವಾದ ಸ್ವರೂಪನಿರೂಪಣೆ. ನಾಟ್ಯವು ಒಂದು ಪಕ್ಷದ ಸೊತ್ತಲ್ಲ. ಅದು ಮೂರು ಲೋಕದ ಭಾವಗಳ ಅನುಕೀರ್ತನವೆಂಬ ಸಿದ್ಧಾಂತವು ಅಲ್ಲಿಯೇ ಉಕ್ತವಾಗಿದೆ.

ಈ ವೃತ್ತಾಂತದಲ್ಲಿ ಒಂದೇ ಆಕ್ಷೇಪವು ಎರಡು ಸಲ ಬಂದಿದೆಯೆಂಬುದನ್ನು ಗಮನಿಸಬೇಕು. ಮೊದಲು ಅದು ಮರೆಯಲ್ಲಿ ನಿಂತು ನಟರ ಮೈಮೇಲೆ ಬಿದ್ದಿತು. ಅದಕ್ಕೆ ಸಿಕ್ಕಿದ್ದು ಜರ್ಜರ. ಎರಡನೆಯ ಸಲ ಅದು ಹೆಸರುಳ್ಳವನೊಬ್ಬನ ಬಾಯಿಂದ, ಕಾರಣಸಹಿತವಾಗಿ, ನಾಟ್ಯವನ್ನು ಮಾಡಿದವನ ಎದುರಿಗೆ ಬಂದಿತು. ಅದಕ್ಕೆ ಸಿಕ್ಕಿದ್ದು ಶಾಸ್ತ್ರ. ಚಲಚ್ಚಿತ್ರ ಮತ್ತು ದೂರದರ್ಶನಗಳ ಪಾತ್ರಗಳನ್ನು ಕುರಿತು ಅಭಿಮಾನಿಗಳು ಹೆಸರು ಹೇಳದೆ ಅಭಿಪ್ರಾಯವನ್ನು ಪ್ರಕಟಿಸುವ ಈಗಿನ ವಾಡಿಕೆಯನ್ನು ಈ ಭೇದದ ಸಹಾಯದಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ವಾಡಿಕೆಯ ಸ್ವರೂಪವನ್ನು ಮೊದಲು ಸಂಗ್ರಹವಾಗಿ ಹೇಳುವುದು ಯುಕ್ತ. ಪ್ರೇಕ್ಷಕನೊಬ್ಬನು ತನಗೆ ಪ್ರಿಯವಾದ ಅಥವಾ ಅಪ್ರಿಯವಾದ ಪಾತ್ರದ ಚಿತ್ರವೊಂದನ್ನು ತೆಗೆದುಕೊಂಡು, ಅದರ ಮೇಲೆ ಎರಡು ಮೂರು ಪಂಕ್ತಿಗಳಲ್ಲಿ ತನ್ನ ಮನಸ್ಸಿನಲ್ಲಿರುವುದನ್ನು ಬರೆದು, ಹೆಸರಿಲ್ಲದೆ ಲೋಕದ ಮುಂದಿಡುತ್ತಾನೆ. ಬರೆಹದ ಧಾಟಿಯು ಸಾಮಾನ್ಯವಾಗಿ ತಪ್ಪೊಪ್ಪಿಗೆಯದು. ಎಲ್ಲರೂ ಹೊಗಳುವ ನಾಯಕನು ತನಗೆ ಒಗ್ಗುವುದಿಲ್ಲವೆಂದೋ, ಖಳನ ಮೇಲೆ ತನಗೆ ಕನಿಕರವುಂಟೆಂದೋ, ಸತ್ತ ಪಾತ್ರವೊಂದಕ್ಕಾಗಿ ತಾನು ಇನ್ನೂ ದುಃಖಿಸುತ್ತಿರುವೆನೆಂದೋ, ಗೆಳೆಯರ ಮುಂದೆ ಹೇಳಲು ನಾಚಿಕೆಯಾಗುವ ಮಾತನ್ನು ಅವನು ಇಲ್ಲಿ ಹೇಳುತ್ತಾನೆ. ಆದಕಾರಣ ಇವುಗಳಲ್ಲಿ ಅಧಿಕಾಂಶವು ಬಹುಮತಕ್ಕೆ ವಿರೋಧವಾದ ಮತವೇ ಆಗಿರುವುದು ಸ್ವಾಭಾವಿಕ. ಬಹುಮತದ ಮಾತನ್ನಾಡುವವನಿಗೆ ಮರೆಯ ಅಗತ್ಯವೇನಿದೆ?

ಇದು ಹೊಸ ಮಾಧ್ಯಮಗಳಿಂದಲೇ ಹುಟ್ಟಿದ ಹೊಸ ಪ್ರವೃತ್ತಿಯೆಂದು ತಿಳಿಯಲಾಗದು. ಆಂಗ್ಲ ಕಾದಂಬರಿಕಾರನಾದ ಸ್ಯಾಮ್ಯುಯಲ್ ರಿಚರ್ಡ್‌ಸನ್ನನ 'ಕ್ಲಾರಿಸಾ' ಎಂಬ ಬೃಹತ್ಕಾದಂಬರಿಯು ೧೭೪೭–೪೮ರಲ್ಲಿ ಸಂಪುಟ ಸಂಪುಟವಾಗಿ ಹೊರಬರುತ್ತಿದ್ದಾಗ, ಕಥಾನಾಯಿಕೆಗೆ ದುರ್ಮರಣವುಂಟಾಗುವುದೆಂಬ ವದಂತಿ ಹಬ್ಬಿತು. ಆಗ 'ಬೆಲ್ಫರ್' ಎಂಬ ಕಲ್ಪಿತನಾಮದಿಂದ ಓದುಗರೊಬ್ಬರು ಗ್ರಂಥಕರ್ತನಿಗೆ ಪತ್ರ ಬರೆದು, ಕ್ಲಾರಿಸಾಳನ್ನು ಉಳಿಸಬೇಕೆಂದೂ ಅವಳನ್ನು ಕೆಡಿಸಿದ ಲವ್ಲೇಸನನ್ನು ತಿದ್ದಿ ಸನ್ಮಾರ್ಗಕ್ಕೆ ತರಬೇಕೆಂದೂ ಬೇಡಿದರು. ಬರೆದವರು ಲೇಡಿ ಬ್ರ್ಯಾಡ್‌ಷಾ ಎಂಬ ಗೃಹಿಣಿ. ರಿಚರ್ಡ್‌ಸನ್ನನು ಅವರ ಬೇಡಿಕೆಯನ್ನು ನಡೆಸಲಿಲ್ಲ. ಆದರೆ ದೀರ್ಘವಾದ ಉತ್ತರಗಳನ್ನು ಬರೆದನು, ಕಾದಂಬರಿಯ ದುಃಖಾಂತವನ್ನು ಸಮರ್ಥಿಸಿ ಒಂದು ಅನುಬಂಧವನ್ನೂ ಸೇರಿಸಿದನು. ೧೭೫೦ರಲ್ಲಿ ಇಬ್ಬರಿಗೂ ಮುಖಾಮುಖಿಯಾಗಿ ಪರಿಚಯವಾಗಿ ಪತ್ರವ್ಯವಹಾರವು ಸ್ನೇಹಕ್ಕೆ ತಿರುಗಿತು. ಮರೆಯಲ್ಲಿ ಆರಂಭವಾದ ಆಕ್ಷೇಪವು ಇಲ್ಲಿ ಕ್ರಮೇಣ ಸಂವಾದವಾಯಿತು.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೂ ಉಂಟು. ೧೯೮೮ರ ಸೆಪ್ಟೆಂಬರಿನಲ್ಲಿ ಅಮೆರಿಕದ 'ಬ್ಯಾಟ್‌ಮನ್' ಚಿತ್ರಕಥಾಮಾಲೆಯ ಪ್ರಕಾಶಕರು, ನಾಯಕನ ಸಹಚರನಾದ ರಾಬಿನ್ ಎಂಬ ಹುಡುಗನು ಬದುಕಬೇಕೋ ಸಾಯಬೇಕೋ ಎಂಬುದನ್ನು ಓದುಗರ ನಿರ್ಣಯಕ್ಕೆ ಬಿಟ್ಟರು. ಎರಡು ದೂರವಾಣಿ ಸಂಖ್ಯೆಗಳನ್ನು ಕೊಟ್ಟು, ಒಂದಕ್ಕೆ ಕರೆ ಬಂದರೆ ಜೀವ, ಮತ್ತೊಂದಕ್ಕೆ ಬಂದರೆ ಮರಣವೆಂದು ಗೊತ್ತುಮಾಡಿದರು. ಮರಣದ ಪಕ್ಷಕ್ಕೆ ೫,೩೪೩ ಕರೆಗಳೂ ಜೀವದ ಪಕ್ಷಕ್ಕೆ ೫,೨೭೧ ಕರೆಗಳೂ ಬಂದವು. ಕೇವಲ ೭೨ ಕರೆಗಳ ಅಂತರದಿಂದ ಹುಡುಗನು ಸತ್ತನು. ಕರೆ ಮಾಡಿದವರು ಯಾರು, ಒಬ್ಬನೇ ಎಷ್ಟು ಸಲ ಮಾಡಿದನು, ಆ ಪಾತ್ರದಲ್ಲಿ ಅವರು ಕಂಡ ದೋಷವೇನು ಎಂಬ ಪ್ರಶ್ನೆಗಳಿಗೆ ಆ ಅಂಕೆಗಳಲ್ಲಿ ಉತ್ತರವಿಲ್ಲ. ಬೆಲ್ಫರಳ ಪತ್ರದಲ್ಲಿ ಹೆಸರು ಮರೆಯಾಗಿತ್ತು, ಕಾರಣವು ಪ್ರಕಟವಾಗಿತ್ತು. ಇಲ್ಲಿ ಹೆಸರಿನೊಡನೆ ಕಾರಣವೂ ಮರೆಯಾಯಿತು.

೩

ಭಾರತೀಯ ಲಾಕ್ಷಣಿಕರು ಪ್ರೇಕ್ಷಕನ ವಿಷಯವನ್ನು ಅಲಕ್ಷಿಸಿದವರಲ್ಲ. ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಭರತನು ಪ್ರಯೋಗದ ಸಫಲತೆಯನ್ನು ದೈವಿಕ, ಮಾನುಷವೆಂದು ಎರಡಾಗಿ ವಿಂಗಡಿಸಿದ್ದಾನೆ. ಪ್ರೇಕ್ಷಕರ ಮುಗುಳುನಗೆ, ನಗು, ಭಲೆ ಎಂಬ ಮೆಚ್ಚುಮಾತು, ಅಯ್ಯೋ ಎಂಬ ಉದ್ಗಾರ, ರೋಮಾಂಚ, ಆಸನದಿಂದ ಮೇಲೇಳುವುದು, ಮೈಮೇಲಿನ ವಸ್ತ್ರವನ್ನೇ ತೆಗೆದು ಕೊಡುವುದು, ಇವೆಲ್ಲವೂ ಮಾನುಷಸಿದ್ಧಿಯ ಲಕ್ಷಣಗಳು. ಒಬ್ಬೊಬ್ಬರ ರುಚಿ ಒಂದೊಂದು ಬಗೆಯೆಂಬುದನ್ನೂ ಅವನು ಒಪ್ಪುತ್ತಾನೆ: ತರುಣರು ಶೃಂಗಾರದಲ್ಲಿ, ಶೂರರು ರೌದ್ರದಲ್ಲಿ ಮತ್ತು ಯುದ್ಧದಲ್ಲಿ, ವೃದ್ಧರು ಧರ್ಮಾಖ್ಯಾನಗಳಲ್ಲಿ, ವಿರಾಗಿಗಳು ಮೋಕ್ಷದಲ್ಲಿ ಸಂತೋಷಪಡುತ್ತಾರೆ. ಆದರೆ ನಟರಲ್ಲಿ ವಿವಾದ ಹುಟ್ಟಿ ನಿರ್ಣಯವು ಬೇಕಾದಾಗ ಅವನು ಪ್ರಾಶ್ನಿಕರನ್ನು ಕೂರಿಸುತ್ತಾನೆ. ಯಜ್ಞದ ವಿಷಯಕ್ಕೆ ಯಜ್ಞಜ್ಞ, ನೃತ್ತಕ್ಕೆ ನರ್ತಕ, ಛಂದಸ್ಸಿಗೆ ಛಂದೋವಿದ, ಶಸ್ತ್ರಪ್ರಯೋಗಕ್ಕೆ ಬಿಲ್ಗಾರ, ಶೃಂಗಾರೋಪಚಾರಕ್ಕೆ ವೇಶ್ಯೆ, ಹೀಗೆ ಪ್ರತಿಯೊಬ್ಬರೂ ತಾವು ಬಲ್ಲ ವಿಷಯದಲ್ಲಿ ಮಾತ್ರ ಪ್ರಮಾಣ. ಇದರಿಂದ ಫಲಿತವಾಗುವುದೇನೆಂದರೆ, ಸ್ಪಂದಿಸುವ ಅಧಿಕಾರವು ಎಲ್ಲರಿಗೂ ಉಂಟು. ತೀರ್ಪನ್ನು ಕೊಡುವ ಅಧಿಕಾರವು ತಿಳಿವಿನಿಂದ ಬರತಕ್ಕದ್ದು.

ಹೆಸರಿನ ಪ್ರಶ್ನೆಗೆ ಇದಕ್ಕಿಂತಲೂ ಸಮೀಪವಾದ ವಿಚಾರವು ರಸಮೀಮಾಂಸೆಯಲ್ಲಿದೆ. ಭಟ್ಟನಾಯಕನು ಹೇಳಿ ಅಭಿನವಗುಪ್ತನು ತನ್ನ ರೀತಿಯಲ್ಲಿ ಬೆಳೆಸಿದ ಸಾಧಾರಣೀಕರಣತತ್ತ್ವದ ಪ್ರಕಾರ, ರಸಾನುಭವದ ಸಮಯದಲ್ಲಿ ಭಾವವು ನನ್ನದೆಂಬುದಾಗಲಿ, ನನ್ನ ಶತ್ರುವಿನದು ಅಥವಾ ಮಿತ್ರನದೆಂಬುದಾಗಲಿ, ತಟಸ್ಥನೊಬ್ಬನದೆಂಬುದಾಗಲಿ ಇರುವುದಿಲ್ಲ. ವ್ಯಕ್ತಿವಿಶೇಷದ ಬಂಧವು ಕಳಚಿರುತ್ತದೆ. ಹೀಗಿರಲು ಅನಾಮಿಕತೆಗೂ ರಸಕ್ಕೂ ಏನೋ ಒಂದು ಬಾಂಧವ್ಯವಿರಬೇಕೆಂದು ಮೇಲುನೋಟಕ್ಕೆ ತೋರಬಹುದು. ಕತ್ತಲಾದ ಚಿತ್ರಮಂದಿರದಲ್ಲಿ ಕುಳಿತವನಿಗೆ ಹೆಸರಿಲ್ಲ, ಕುಲವಿಲ್ಲ, ಉದ್ಯೋಗವಿಲ್ಲ. ಅವನು ಹೊರಗೆ ಬಂದ ಮೇಲೂ ಹೆಸರಿಲ್ಲದೆ ಮಾತನಾಡಿದರೆ ಆ ಸಾಧಾರಣ್ಯವನ್ನೇ ಮುಂದುವರಿಸಿದಂತಾಗಲಿಲ್ಲವೇ?

ಆಗಲಿಲ್ಲವೆಂದೇ ಹೇಳಬೇಕಾಗುತ್ತದೆ. ಏಕೆಂದರೆ ಹೆಸರನ್ನು ಬಿಡುವುದು ಬೇರೆ, ಅಹಂಭಾವವನ್ನು ಬಿಡುವುದು ಬೇರೆ. ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಒಂದು, ಕಂಡ ಭಾವವನ್ನು ಇದು ತನ್ನದು ಅಥವಾ ಇದು ಪರನದು ಎಂದು ದೇಶಕಾಲವಿಶೇಷಗಳೊಡನೆ ಗಂಟುಹಾಕುವುದು. ಇನ್ನೊಂದು, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು. ಮನೆಯ ಜಗಳವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನು ರಂಗದ ಮೇಲಿನ ಹೆಂಡತಿಯ ಪಾತ್ರದಲ್ಲಿ ತನ್ನ ಹೆಂಡತಿಯನ್ನೇ ಕಂಡು ಸಿಟ್ಟಾಗುವನು. ಅವನು ಹೆಸರನ್ನು ಬರೆದರೂ ಬಿಟ್ಟರೂ ಆ ವಿಘ್ನವು ಹೋಗುವುದಿಲ್ಲ. ಹೆಸರನ್ನು ಮರೆಸುವುದರಿಂದ ಅವನ ಅಹಂಭಾವವು ಕರಗುವ ಬದಲು, ಅದರ ಮೇಲಿದ್ದ ಹೊಣೆಯ ಕಟ್ಟು ಮಾತ್ರ ಸಡಿಲವಾಗುವುದುಂಟು. ನಾಟ್ಯಶಾಸ್ತ್ರದ ಕಥೆಯಲ್ಲಿ ಮರೆಯಾಗಿ ನಿಂತವರಿಗೂ ರಸಮೀಮಾಂಸೆಯ ಈ ದೋಷಗಳಿಗೂ ವಿಘ್ನವೆಂಬ ಒಂದೇ ಶಬ್ದವು ಸಲ್ಲುತ್ತಿರುವುದು ಅರ್ಥವತ್ತಾಗಿದೆ.

೪

ಈ ತತ್ತ್ವವನ್ನು ಪರೀಕ್ಷಿಸುವುದಕ್ಕೆ ತಕ್ಕ ಒಂದು ನಿದರ್ಶನವು ಅಮೆರಿಕದ ದೂರದರ್ಶನದಲ್ಲಿ ದೊರೆಯುತ್ತದೆ. ವಿನ್ಸ್ ಗಿಲ್ಲಿಗನ್ ಅವರು ನಿರ್ಮಿಸಿದ 'ಬ್ರೇಕಿಂಗ್ ಬ್ಯಾಡ್' ಎಂಬ ಧಾರಾವಾಹಿಯು ೨೦೦೮ರ ಜನವರಿಯಿಂದ ೨೦೧೩ರ ಸೆಪ್ಟೆಂಬರಿನವರೆಗೆ ೬೨ ಕಂತುಗಳಲ್ಲಿ ಪ್ರಸಾರವಾಯಿತು. ನ್ಯೂ ಮೆಕ್ಸಿಕೋ ಪ್ರಾಂತದ ಆಲ್ಬುಕರ್ಕಿ ನಗರದಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯನಾದ ವಾಲ್ಟರ್ ವೈಟ್ ಎಂಬವನು, ತನಗೆ ಶ್ವಾಸಕೋಶದ ಅರ್ಬುದರೋಗವಿರುವುದನ್ನರಿತು, ಸಂಸಾರಕ್ಕೆ ಹಣ ಕೂಡಿಡುವ ನೆಪದಿಂದ ಮಾದಕದ್ರವ್ಯವನ್ನು ತಯಾರಿಸತೊಡಗುತ್ತಾನೆ. ಅವನ ಪತ್ನಿ ಸ್ಕೈಲರ್. ಗಂಡನು ಸುಳ್ಳು ಹೇಳುತ್ತಿರುವುದನ್ನು ಅವಳು ಮೊದಲು ಸಂಶಯಿಸುತ್ತಾಳೆ, ಆಮೇಲೆ ಕಂಡುಹಿಡಿಯುತ್ತಾಳೆ, ಮನೆ ಬಿಟ್ಟು ಹೋಗೆನ್ನುತ್ತಾಳೆ. ಕಡೆಗೆ ತಾನೂ ಆ ಹಣವನ್ನು ಬಚ್ಚಿಡುವ ಕೆಲಸದಲ್ಲಿ ಸಿಕ್ಕಿಬೀಳುತ್ತಾಳೆ. ಕಥೆಯು ಮುಂದುವರಿದಂತೆ ವಾಲ್ಟರನು, ಕಣ್ಣೆದುರಿಗೆ ಉಸಿರುಕಟ್ಟಿ ಸಾಯುತ್ತಿದ್ದ ತರುಣಿಯನ್ನು ಉಳಿಸದೆ ನಿಂತು ನೋಡುತ್ತಾನೆ. ಒಬ್ಬ ಬಾಲಕನಿಗೆ ವಿಷವುಣ್ಣಿಸುವ ಮಟ್ಟಕ್ಕೂ ಇಳಿಯುತ್ತಾನೆ.

ಇಷ್ಟಾದರೂ ಬಹುಮಂದಿ ಅಭಿಮಾನಿಗಳ ದ್ವೇಷವು ವಾಲ್ಟರನ ಮೇಲಲ್ಲ, ಸ್ಕೈಲರಳ ಮೇಲೆ ಹರಿಯಿತು. ಗಂಡನನ್ನು ಪೀಡಿಸುವವಳು, ಅವನ ಏಳಿಗೆಗೆ ಅಡ್ಡಬರುವವಳು, ಕಪಟಿ ಎಂಬ ಮಾತುಗಳು ಹೆಸರಿಲ್ಲದವರಿಂದ ಸಾವಿರಗಟ್ಟಲೆಯಾಗಿ ಬಂದವು. ಈ ಅಭಿಪ್ರಾಯಗಳನ್ನು ಮೂಢರ ಹರಟೆಯೆಂದು ತಳ್ಳಿಹಾಕುವುದು ಸುಲಭ. ಆದರೆ ವಿಮರ್ಶಕನಿಗೆ ಅದು ಉಚಿತವಲ್ಲ. ಇಷ್ಟು ಜನರು ಒಂದೇ ದಿಕ್ಕಿನಲ್ಲಿ ತಪ್ಪಿದ್ದಾರೆಂದರೆ ಅದಕ್ಕೆ ಕೃತಿಯ ರಚನೆಯಲ್ಲಿ ಏನಾದರೊಂದು ಕಾರಣವಿರಬೇಕು. ವಿಚಾರಿಸಿ ನೋಡಿದರೆ ಕಾರಣವು ಸ್ಪಷ್ಟವಾಗುತ್ತದೆ. ಕಥೆಯು ವಾಲ್ಟರನ ಹೆಗಲಿನ ಮೇಲಿಂದ ಲೋಕವನ್ನು ತೋರಿಸುತ್ತದೆ. ಅವನ ಗುಟ್ಟು ಪ್ರೇಕ್ಷಕನಿಗೆ ಮೊದಲೇ ಗೊತ್ತು, ಹೆಂಡತಿಗೆ ಗೊತ್ತಿಲ್ಲ. ಆದ್ದರಿಂದ ಅವಳು ಕೇಳುವ ಒಂದೊಂದು ನ್ಯಾಯವಾದ ಪ್ರಶ್ನೆಯೂ, ಗುಟ್ಟಿನಲ್ಲಿ ಪಾಲುಗಾರನಾದ ಪ್ರೇಕ್ಷಕನಿಗೆ ತನ್ನನ್ನೇ ಹಿಡಿಯಲು ಬಂದ ಪ್ರಶ್ನೆಯಂತೆ ಕೇಳಿಸುತ್ತದೆ. ಸಾಹಸವು ಮುಂದೆ ಸಾಗಬೇಕೆಂಬ ಕುತೂಹಲಕ್ಕೆ ಅವಳ ವಿವೇಕವೇ ತಡೆಯಾಗಿ ತೋರುತ್ತದೆ. ಪ್ರೇಕ್ಷಕನು ತನಗರಿವಿಲ್ಲದೆಯೇ ಅಪರಾಧಿಯ ಪಕ್ಷವನ್ನು ಸೇರಿರುತ್ತಾನೆ.

ಈ ದೃಷ್ಟಿಯಿಂದ ಆ ಅನಾಮಿಕ ಅಭಿಪ್ರಾಯಗಳು ಬೆಲೆಯುಳ್ಳವು. ಸಭ್ಯರ ನಡುವೆ ಹೆಸರು ಹೇಳಿ ಮಾತನಾಡಬೇಕಾಗಿದ್ದರೆ, ವಿಷವುಣ್ಣಿಸಿದವನಿಗಿಂತ ಅವನನ್ನು ಪ್ರಶ್ನಿಸಿದವಳೇ ತನಗೆ ಅಸಹ್ಯಳೆಂದು ಒಪ್ಪಿಕೊಳ್ಳುವವರು ಎಷ್ಟು ಮಂದಿ ಇರುತ್ತಿದ್ದರು? ಮರೆಯಿದ್ದುದರಿಂದ ಸತ್ಯವು ಹೊರಬಿದ್ದಿತು. ಆದರೆ ಅದು ಸ್ಕೈಲರಳನ್ನು ಕುರಿತ ಸತ್ಯವಲ್ಲ, ಪ್ರೇಕ್ಷಕನನ್ನು ಕುರಿತ ಸತ್ಯ. ನ್ಯಾಯಸ್ಥಾನದ ಭಾಷೆಯಲ್ಲಿ ಹೇಳುವುದಾದರೆ ಅನಾಮಿಕ ಅಭಿಪ್ರಾಯವನ್ನು ಸಾಕ್ಷ್ಯವೆಂದು ಸ್ವೀಕರಿಸಬಹುದು, ತೀರ್ಪೆಂದು ಸ್ವೀಕರಿಸಲಾಗದು. ಈ ಎರಡನ್ನೂ ಒಂದೆಂದು ಭಾವಿಸುವುದರಿಂದಲೇ ಪಾತ್ರವಿಮರ್ಶೆಯಲ್ಲಿ ಬಹಳ ಗೊಂದಲವುಂಟಾಗಿದೆ.

೫

ಸಾಕ್ಷ್ಯವು ತೀರ್ಪಾಗಿ, ತೀರ್ಪು ದಂಡನೆಯಾಗಿ ಮಾರ್ಪಟ್ಟಾಗ ಅದರ ಪೆಟ್ಟು ಬೀಳುವುದು ಪಾತ್ರದ ಮೇಲಲ್ಲ. ಸ್ಕೈಲರಳಾಗಿ ನಟಿಸಿದ ಆನಾ ಗನ್ ಅವರು ೨೦೧೩ರ ಆಗಸ್ಟಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಲೇಖನವೊಂದನ್ನು ತಮ್ಮ ಹೆಸರಿನಿಂದಲೇ ಪ್ರಕಟಿಸಿದರು. ಪಾತ್ರದ ಮೇಲಣ ದ್ವೇಷವು ಮೆಲ್ಲಮೆಲ್ಲನೆ ತಮ್ಮ ಮೇಲೆಯೇ ತಿರುಗಿದ ಬಗೆಯನ್ನೂ, ತಾವೆಲ್ಲಿರುವರೆಂದು ಹೇಳಿದರೆ ಬಂದು ಕೊಲ್ಲುವೆನೆಂಬ ಅರ್ಥದ ಮಾತೊಂದನ್ನು ಓದಿ ಭಯಪಟ್ಟುದನ್ನೂ ಅವರು ಅಲ್ಲಿ ತಿಳಿಸಿದ್ದಾರೆ. ಈ ದ್ವೇಷಕ್ಕೆ ಕಾರಣವು ಪಾತ್ರಕ್ಕಿಂತ ಹೆಚ್ಚಾಗಿ, ಹೆಂಡತಿಯಾದವಳು ಹೇಗಿರಬೇಕೆಂಬುದನ್ನು ಕುರಿತು ಜನರಲ್ಲಿರುವ ಕಲ್ಪನೆಯೆಂಬುದು ಅವರ ನಿರ್ಣಯ. ಅದೇ ಪಾತ್ರಕ್ಕಾಗಿ ೨೦೧೩ರಲ್ಲೂ ೨೦೧೪ರಲ್ಲೂ ಅವರಿಗೆ ಎಮ್ಮಿ ಪ್ರಶಸ್ತಿಯು ಬಂದಿತು. ಅಭಿನಯದ ಸಾಫಲ್ಯವನ್ನು ಪ್ರಾಶ್ನಿಕರು ಮನ್ನಿಸಿದರು. ಆ ಸಾಫಲ್ಯಕ್ಕಾಗಿಯೇ ಅನಾಮಿಕರು ದಂಡಿಸಿದರು.

ಇಂಥವೇ ಬೇರೆ ಪ್ರಸಂಗಗಳೂ ಇವೆ. ೧೯೯೯ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಮಾಲೆಯ ಚಿತ್ರದಲ್ಲಿ ಜಾರ್ ಜಾರ್ ಬಿಂಕ್ಸ್ ಎಂಬ ವಿಚಿತ್ರಪ್ರಾಣಿಯ ಪಾತ್ರವಿದೆ. ಅದನ್ನು ಗಣಕಯಂತ್ರದ ಸಹಾಯದಿಂದ ರಚಿಸಿದ್ದರು. ಧ್ವನಿಯೂ ಅಂಗಚಲನವೂ ಅಹ್ಮದ್ ಬೆಸ್ಟ್ ಎಂಬ ನಟರವು. ಆ ಪಾತ್ರವು ಕಪ್ಪು ಜನರ ಅವಹೇಳನಕರವಾದ ಹಳೆಯ ಚಿತ್ರಣಗಳನ್ನು ಹೋಲುವುದೆಂದು ಕೆಲವು ವಿಮರ್ಶಕರು ಬಹಿರಂಗವಾಗಿ ಮಾಡಿದ ಆಕ್ಷೇಪವು ವಿಚಾರಾರ್ಹವಾದುದು. ಅದಕ್ಕೆ ಉತ್ತರ ಹೇಳಬೇಕಾದವರು ಚಿತ್ರವನ್ನು ರಚಿಸಿದವರು. ಅನಾಮಿಕರ ರೋಷವಾದರೋ ತೆರೆಯ ಮೇಲೆ ಮುಖವನ್ನೇ ತೋರಿಸದ ನಟರನ್ನು ಹುಡುಕಿಕೊಂಡು ಹೋಯಿತು. ಆ ಕಾಲದಲ್ಲಿ ತಾವು ಪ್ರಾಣತ್ಯಾಗದ ಯೋಚನೆಗೂ ಬಂದಿದ್ದುದಾಗಿ ಬೆಸ್ಟ್ ಅವರು ೨೦೧೮ರಲ್ಲಿ ಹೇಳಿದರು. ಅದೇ ಮಾಲೆಯ ೨೦೧೭ರ ಚಿತ್ರದಲ್ಲಿ ರೋಸ್ ಎಂಬ ಪಾತ್ರವನ್ನು ವಹಿಸಿದ ಕೆಲ್ಲಿ ಮೇರಿ ಟ್ರಾನ್ ಅವರೂ ೨೦೧೮ರ ಆಗಸ್ಟಿನಲ್ಲಿ ಲೇಖನವೊಂದನ್ನು ಬರೆದು, ನಿಂದೆಯ ಮಾತುಗಳನ್ನು ತಾವೇ ನಂಬತೊಡಗಿದ್ದ ದುಃಸ್ಥಿತಿಯನ್ನು ವಿವರಿಸಿದರು. ನಟರ ಮಾತು, ಚಲನ, ಸ್ಮೃತಿಗಳು ಸ್ತಂಭಿಸಿದುವೆಂಬ ಪ್ರಾಚೀನ ವಾಕ್ಯವು ಬರಿಯ ಪುರಾಣವಲ್ಲವೆಂದು ಇವುಗಳಿಂದ ತೋರಿಬರುತ್ತದೆ.

ಇಲ್ಲಿ ನಡೆದ ತಪ್ಪನ್ನು ಶಂಕುಕನ ಚಿತ್ರತುರಗನ್ಯಾಯದಿಂದ ವಿವರಿಸಬಹುದು. ಚಿತ್ರದಲ್ಲಿರುವ ಕುದುರೆಯನ್ನು ನೋಡಿ ಕುದುರೆಯೆನ್ನುವಾಗ ಆಗುವ ಅರಿವು ಯಥಾರ್ಥಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ನಟನನ್ನು ರಾಮನೆಂದು ತಿಳಿಯುವುದೂ ಇಂಥದೇ ವಿಲಕ್ಷಣವಾದ ಪ್ರತೀತಿಯೆಂಬುದು ಅವನ ಮತ. ಈ ಪ್ರತೀತಿಯು ಮುರಿದು ಭ್ರಾಂತಿಯಾದರೆ ಪ್ರೇಕ್ಷಕನು ಚಿತ್ರದ ಕುದುರೆಗೆ ಚಾಟಿಯನ್ನೆತ್ತುತ್ತಾನೆ. ಹುಲ್ಲನ್ನು ಹಾಕಿದರೂ ಭ್ರಾಂತಿಯು ಭ್ರಾಂತಿಯೇ. ರಾಮಾನಂದ ಸಾಗರರ 'ರಾಮಾಯಣ' ಧಾರಾವಾಹಿಯು ೧೯೮೭–೮೮ರಲ್ಲಿ ಪ್ರಸಾರವಾಗುತ್ತಿದ್ದಾಗ ಜನರು ದೂರದರ್ಶನಯಂತ್ರಕ್ಕೇ ಹೂಮಾಲೆ ಹಾಕಿ ಕೈಮುಗಿದದ್ದುಂಟು. ಸೀತೆಯ ಪಾತ್ರಧಾರಿಣಿ ದೀಪಿಕಾ ಚಿಖಲಿಯಾ ಅವರು ೧೯೯೧ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಆದರೆ ರಾವಣನಾಗಿ ನಟಿಸಿದ ಅರವಿಂದ ತ್ರಿವೇದಿ ಅವರೂ ಅದೇ ಚುನಾವಣೆಯಲ್ಲಿ ಗೆದ್ದರೆಂಬುದನ್ನು ಮರೆಯಬಾರದು. ಮತಕ್ಕೆ ಕಾರಣಗಳು ಹಲವಿರಬಹುದಾದರೂ, ರಾವಣನೆಂಬ ಕಾರಣಕ್ಕೆ ಆ ಜನರು ನಟನನ್ನು ತಿರಸ್ಕರಿಸಲಿಲ್ಲವೆಂಬಷ್ಟು ಮಾತ್ರ ನಿಶ್ಚಯ.

ಹೆಸರಿಲ್ಲದ ಮಾತಿಗೆ ಬೆಲೆ ತೆರುವವರು ಯಾರೆಂಬ ಪ್ರಶ್ನೆಯನ್ನು ಭವಭೂತಿಯು ಬಹು ಸೂಕ್ಷ್ಮವಾಗಿ ಎತ್ತಿದ್ದಾನೆ. ಉತ್ತರರಾಮಚರಿತದ ಪ್ರಥಮಾಂಕದಲ್ಲಿ ದುರ್ಮುಖನು ಪೌರರ ಅಪವಾದವನ್ನು ರಾಮನ ಕಿವಿಯಲ್ಲಿ ಹೇಳುತ್ತಾನೆ. ಆ ಮಾತನ್ನು ಕವಿಯು ಸಭೆಗೆ ಕೇಳಿಸುವುದೇ ಇಲ್ಲ. ಆಡಿದವರ ಮುಖವಿಲ್ಲ, ಮಾತೂ ಕೇಳಿಸದು. ಅದರ ಫಲವಾಗಿ ಕಾಡಿಗೆ ಹೋದ ಸೀತೆಯೊಬ್ಬಳೇ ಕಣ್ಣಿಗೆ ಕಾಣುವವಳು.

೬

ಹಾಗಾದರೆ ಅನಾಮಿಕವಾದ ಪಾತ್ರವಿಮರ್ಶೆಯನ್ನು ಸರ್ವಥಾ ನಿಷೇಧಿಸಬೇಕೇ ಎಂಬ ಆಕ್ಷೇಪವು ಹುಟ್ಟುತ್ತದೆ. ಇದಕ್ಕೆ ಸಮಾಧಾನ ಹೇಳುವ ಮೊದಲು ಅನಾಮಿಕತೆಯಲ್ಲಿಯೇ ಮೂರು ವಿಧಗಳಿರುವುದನ್ನು ಗುರುತಿಸಬೇಕು.

ಮೊದಲನೆಯದು ಹೆಸರೇ ಬೇಡವಾದ ಅನಾಮಿಕತೆ. ಜನಪದದ ಬೀಸುವ ಪದಗಳನ್ನೂ ಕುಟ್ಟುವ ಪದಗಳನ್ನೂ ಕಟ್ಟಿದವರ ಹೆಸರು ಯಾರಿಗೂ ತಿಳಿಯದು. ರಾಮಾಯಣದ ಕಥೆಯನ್ನು ಹೆಂಗಸರು ತಮ್ಮ ತಮ್ಮಲ್ಲಿ ಹಾಡಿಕೊಳ್ಳುವಾಗ ಸೀತೆಯ ಪಕ್ಷವನ್ನು ಹಿಡಿದು ರಾಮನ ನಡತೆಯನ್ನು ಪ್ರಶ್ನಿಸುವುದುಂಟೆಂಬುದನ್ನು ತೆಲುಗು ಹಾಡುಗಳ ವಿಷಯದಲ್ಲಿ ವೆಲ್ಚೇರು ನಾರಾಯಣರಾವ್ ಅವರು ವಿಶದಪಡಿಸಿದ್ದಾರೆ. ಇದೂ ಪಾತ್ರವನ್ನು ಕುರಿತ ಹೆಸರಿಲ್ಲದ ಅಭಿಪ್ರಾಯವೇ. ಆದರೆ ಹಾಡುವವಳ ಮುಖವು ಕೇಳುವವಳ ಎದುರಿಗಿದೆ. ಹೆಸರು ಮರೆಯಾಗಿಲ್ಲ, ಸಮುದಾಯದಲ್ಲಿ ಕರಗಿದೆ. ಎರಡನೆಯದು ಸಂಕೋಚದಿಂದಲೋ ಭಯದಿಂದಲೋ ಹೆಸರನ್ನು ಮರೆಸುವುದು. ಬೆಲ್ಫರಳ ಪತ್ರವು ಇದಕ್ಕೆ ಉದಾಹರಣೆ. ಬಹುಮತದ ಮುಂದೆ ತನ್ನ ಮತವನ್ನು ಹೇಳಲಾರದ ದುರ್ಬಲನಿಗೆ ಇದು ಆಶ್ರಯ. ಇದನ್ನು ಕಸಿದುಕೊಳ್ಳುವುದು ನ್ಯಾಯವಲ್ಲ. ಮೂರನೆಯದು ಪೆಟ್ಟು ಕೊಟ್ಟು ಸಿಕ್ಕಿಬೀಳದಿರುವುದಕ್ಕಾಗಿ ಹೆಸರನ್ನು ಮರೆಸುವುದು. ಜರ್ಜರವು ಏನಿದ್ದರೂ ಇದಕ್ಕೆ ಮಾತ್ರ ಸಲ್ಲತಕ್ಕದ್ದು. ಒಬ್ಬನೇ ಮನುಷ್ಯನು ಇಂದು ಎರಡನೆಯ ವಿಧದವನಾಗಿದ್ದು ನಾಳೆ ಮೂರನೆಯದಕ್ಕೆ ಜಾರಬಹುದಾದ್ದರಿಂದ, ನೋಡಬೇಕಾದದ್ದು ಬರೆದವನು ಯಾರೆಂಬುದನ್ನಲ್ಲ, ಬರೆದ ಮಾತು ಯಾರ ಕಡೆಗೆ ಹೊರಟಿದೆ ಎಂಬುದನ್ನು.

ಬಹುಮತಕ್ಕೆ ವಿರುದ್ಧವಾದ ಪಾತ್ರದೃಷ್ಟಿಯು ಕಾವ್ಯಕ್ಕೆ ಎಂತಹ ಸಂಪತ್ತಾಗಬಲ್ಲುದೆಂಬುದನ್ನು ಕನ್ನಡ ವಿದ್ವಾಂಸರಿಗೆ ಹೇಳಬೇಕಾದುದಿಲ್ಲ. ಕ್ರಿ. ಶ. ೯೪೧ರಲ್ಲಿ ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿ ಭಾರತವನ್ನು ಬರೆದರೂ, ಕರ್ಣನ ಮೇಲಿನ ಗೌರವವನ್ನು ಅಡಗಿಸಿಡಲಿಲ್ಲ. ರನ್ನನು ಭೀಮನ ಕಥೆಯನ್ನು ಹೇಳಹೊರಟು ದುರ್ಯೋಧನನ ಛಲದ ಭವ್ಯತೆಯನ್ನು ತೋರಿಸಿದನು. ನಾಗಚಂದ್ರನು ಜೈನಪರಂಪರೆಯನ್ನನುಸರಿಸಿ ರಾವಣನಲ್ಲಿ ಪಶ್ಚಾತ್ತಾಪಪಡುವ ಮಹಾಪುರುಷನನ್ನು ಕಂಡನು. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು ಅವರು ಶ್ರೀ ರಾಮಾಯಣದರ್ಶನದಲ್ಲಿ, ಲೋಕವೆಲ್ಲ ಹಳಿದ ಮಂಥರೆಗೂ ಮಮತೆಯ ಹೃದಯವನ್ನಿತ್ತರು. ಖಳನ ಮೇಲೆ ಕನಿಕರ, ಕೀಳೆನಿಸಿದ ಪಾತ್ರದಲ್ಲಿ ಘನತೆ, ಇವೆಲ್ಲ ಈಗಿನ ಅನಾಮಿಕ ಪ್ರೇಕ್ಷಕನು ಎರಡು ಪಂಕ್ತಿಗಳಲ್ಲಿ ಒಪ್ಪಿಕೊಳ್ಳುತ್ತಿರುವ ಭಾವಗಳೇ. ವ್ಯತ್ಯಾಸವೇನೆಂದರೆ ಈ ಕವಿಗಳು ಅದನ್ನು ತಮ್ಮ ಹೆಸರಿನ ಹೊಣೆಯ ಮೇಲೆ ಹೇಳಿದರು, ಕಥೆಯ ಘಟನೆಗಳಲ್ಲಿಯೇ ಕಾರಣವನ್ನು ಹುಡುಕಿದರು, ಕರ್ಣನನ್ನು ಎತ್ತುವುದಕ್ಕಾಗಿ ಅರ್ಜುನನನ್ನು ಹಾಳುಮಾಡಲಿಲ್ಲ.

ಆದಕಾರಣ ಅನಾಮಿಕ ಅಭಿಪ್ರಾಯವನ್ನು ವಿಮರ್ಶೆಯ ಬೀಜವೆಂದು ಎಣಿಸುವುದು ಯುಕ್ತ. ಅದು ಮೊಳೆಯಬಲ್ಲುದೇ ಎಂಬುದನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಮಾತು ಪಾತ್ರವನ್ನು ಕುರಿತದ್ದೋ, ಪಾತ್ರಧಾರಿಯನ್ನು ಕುರಿತದ್ದೋ? ಅದಕ್ಕೆ ಕೃತಿಯೊಳಗಿನ ಸನ್ನಿವೇಶವೊಂದು ಆಧಾರವಾಗಿದೆಯೋ, ಹೇಳುವವನ ಸ್ವಂತ ಸುಖದುಃಖವೇ ಆಧಾರವೋ? ಮರುಮಾತಿಗೆ ಅದು ಎಡೆಗೊಡುತ್ತದೆಯೋ ಇಲ್ಲವೋ? ಈ ಮೂರರಲ್ಲಿಯೂ ಸರಿಯಾಗಿ ನಿಂತ ಮಾತು, ಬರೆದವನ ಹೆಸರಿಲ್ಲದಿದ್ದರೂ ವಿಮರ್ಶೆಯ ಪಂಕ್ತಿಯಲ್ಲಿ ಕೂರಲು ಅರ್ಹವಾಗಿದೆ. ತಪ್ಪಿದ ಮಾತು ಹೆಸರಿದ್ದರೂ ಅನರ್ಹ.

ಸಾಹಿತ್ಯದ ಉಪಾಧ್ಯಾಯರಿಗೆ ಇದರಿಂದ ಒಂದು ಉಪಯೋಗವುಂಟು. ತರಗತಿಯಲ್ಲಿ ಪಾತ್ರವೊಂದನ್ನು ಕುರಿತು ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಕೇಳಿದರೆ, ಅವರು ಉಪಾಧ್ಯಾಯರ ಮತವನ್ನೇ ಮರಳಿ ಒಪ್ಪಿಸುವುದು ಸಾಮಾನ್ಯ. ಚೀಟಿಯ ಮೇಲೆ ಹೆಸರಿಲ್ಲದೆ ಬರೆಯಲು ಹೇಳಿದರೆ ಅನಿರೀಕ್ಷಿತವಾದ ಸತ್ಯಗಳು ಬರುತ್ತವೆ: ಧರ್ಮರಾಯನು ಬೇಸರ ತರಿಸುವನೆಂದೂ, ಶಕುನಿಯ ಮಾತೇ ರುಚಿಸುವುದೆಂದೂ ಯಾವನಾದರೂ ಬರೆದಾನು. ಅಂಥ ಚೀಟಿಯನ್ನು ಹರಿದೆಸೆಯದೆ, ಅದನ್ನು ಬರೆದವನು ಕಾವ್ಯದಿಂದಲೇ ಕಾರಣಗಳನ್ನು ತೆಗೆದು ಎದ್ದು ನಿಂತು ಸಮರ್ಥಿಸುವ ಧೈರ್ಯವನ್ನು ಪಡೆಯುವಂತೆ ಮಾಡುವುದೇ ಸಾಹಿತ್ಯಶಿಕ್ಷಣದ ಮುಖ್ಯವಾದ ಕೆಲಸ. ಕಾವ್ಯಾಭ್ಯಾಸದಿಂದ ಮನಸ್ಸೆಂಬ ಕನ್ನಡಿಯು ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನು ಹೇಳಿರುವುದರಲ್ಲಿ, ಸಹೃದಯತೆಯು ಅಭ್ಯಾಸದಿಂದ ಸಾಧ್ಯವೆಂಬ ಭರವಸೆಯೂ ಅಡಗಿದೆ.

ವಿರೂಪಾಕ್ಷನ ಆಕ್ಷೇಪವನ್ನು ಕೇಳಿದ ಮೇಲೆ ಬ್ರಹ್ಮನು ನಾಟ್ಯವನ್ನು ಹಿಂತೆಗೆದುಕೊಳ್ಳಲಿಲ್ಲ; ದೈತ್ಯರು ಗೆದ್ದರೆಂದು ಕಥೆಯನ್ನು ತಿದ್ದಲೂ ಇಲ್ಲ. ಕೋಪವನ್ನೂ ದುಃಖವನ್ನೂ ಬಿಡಿರೆಂದು ಹೇಳಿ, ನಾಟ್ಯದಲ್ಲಿ ಅವರ ಭಾವಗಳಿಗೂ ಸ್ಥಾನವುಂಟೆಂಬುದನ್ನು ವಿವರಿಸಿದನು. ಮರೆಯಲ್ಲಿ ನಿಂತಿದ್ದವರಿಗೆ ಈ ಉತ್ತರವನ್ನು ಕೊಡುವುದು ಸಾಧ್ಯವಿರಲಿಲ್ಲ. ಹೆಸರಿಲ್ಲದೆ ಬರೆಯುವ ಪ್ರೇಕ್ಷಕನು ಕೇಳುತ್ತಿರುವ ಪ್ರಶ್ನೆಗಳಲ್ಲಿ ಉತ್ತರಕ್ಕೆ ಅರ್ಹವಾದವು ಹಲವಿವೆ. ಅವನು ಮುಂದೆ ಬಂದು ಕೇಳುವಂತಹ ಸಭೆಯನ್ನು ಏರ್ಪಡಿಸುವ ಹೊಣೆಯು ವಿಮರ್ಶಕರ ಮೇಲೂ ಉಪಾಧ್ಯಾಯರ ಮೇಲೂ ಇದೆ.